ಡಂಬೆಲ್ ಕೊಳ್ಳುವ ಮುಂಚೆ ನಟ್ ತಿರುಗಿಸಿ ನೋಡಿ, ಪ್ಲೇಟ್ ತೂಗಿಸಿ

ಪ್ರಶ್ನೆ: ಸರ್, ನಾನು ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ. ವಯಸ್ಸು 34. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಜಿಮ್‌ಗೆ ದುಡ್ಡು ಕಟ್ಟಿ ಹೋಗದೇ ಉಳಿದದ್ದೇ ಜಾಸ್ತಿ, ಅದಕ್ಕೆ ಮನೆಯಲ್ಲೇ ಶುರು ಮಾಡೋಣ ಅಂತಿದ್ದೇನೆ. ಅಂಗಡಿಯವರು 20 ಕೆಜಿ ಪಿವಿಸಿ ಸೆಟ್ ತಗೊಳ್ಳಿ ಅಂತಾರೆ. ಗೆಳೆಯ 5 ಕೆಜಿ ಜೋಡಿ ಸಾಕು ಅಂತಾನೆ. ಫೋನ್ ತೆರೆದರೆ ಡಯಲ್ ತಿರುಗಿಸಿ ತೂಕ ಬದಲಾಯಿಸುವ ಡಂಬೆಲ್ ಕಾಣಿಸುತ್ತೆ. ನನ್ನ ಹೆಂಡತಿಯೂ ಮಾಡ್ತೀನಿ ಅಂತಾಳೆ. ಯಾವುದು ತಗೊಳ್ಳಲಿ?

ಉತ್ತರ: ಕಬ್ಬಿಣದ ಪ್ಲೇಟ್, ಒಳ್ಳೆಯ ರಾಡ್ ಎರಡು. ಸೊಂಡೂರಿನ ಅದಿರು ನೋಡಿ ಬೆಳೆದ ಜಿಲ್ಲೆಯವರಿಗೆ ನಾನು ಪಿವಿಸಿ ಪ್ಲೇಟಿನೊಳಗಿನ ಸಿಮೆಂಟ್ ಎತ್ತಿ ಅಂತ ಹೇಳುವುದಿಲ್ಲ ಬಿಡಿ. ತಮಾಷೆ ಪಕ್ಕಕ್ಕಿಟ್ಟು ಕಾರಣ ಹೇಳ್ತೀನಿ.

ಗೆಳೆಯರ 5 ಕೆಜಿ ಜೋಡಿ ಮೊದಲು ಬಿಡಿ. ಅದು ಕೆಟ್ಟದ್ದಂತಲ್ಲ, ಆದರೆ ಒಂದೇ ತೂಕ ಎಲ್ಲಾ ಕಸರತ್ತಿಗೂ ಆಗೋದಿಲ್ಲ. ಕೈಯನ್ನು ಪಕ್ಕಕ್ಕೆ ಎತ್ತುವ ಶೋಲ್ಡರ್ ವ್ಯಾಯಾಮಕ್ಕೆ ಹೊಸಬರಿಗೆ 3-4 ಕೆಜಿಯೇ ಸಾಕುಸಾಕಾಗುತ್ತೆ. ಬೈಸೆಪ್ಸ್‌ಗೆ 6ರಿಂದ 8 ಹಿಡಿಯಬಹುದು. ಬಗ್ಗಿ ಡಂಬೆಲ್ ಎಳೆಯುವ ಬೆನ್ನಿನ ವ್ಯಾಯಾಮಕ್ಕೂ ಎದೆಗೆ ಅಪ್ಪಿಕೊಂಡು ಕೂತು ಏಳುವ ಸ್ಕ್ವಾಟ್‌ಗೂ 10-12 ಕೆಜಿ ಬೇಕು. ಇದೆಲ್ಲ ಅಂದಾಜು, ನಿಮ್ಮ ಮೈ ಹೇಳಿದ್ದೇ ಲೆಕ್ಕ. 10-12 ಸಲ ಎತ್ತುವಷ್ಟರಲ್ಲಿ ಕೊನೆಯ ಎರಡು ಸಲ ಕಷ್ಟವಾಗಬೇಕು, ಆದರೆ ಸೊಂಟ ಓಲಾಡಿಸದೆ ಎತ್ತಲು ಬರಬೇಕು. 15 ಸಲ ಎತ್ತಿದರೂ ಇನ್ನೂ ಮಾತಾಡಿಕೊಂಡು ನಿಂತಿದ್ದೀರಿ ಅಂದ್ರೆ ತೂಕ ಏರಿಸಿ.

ಈಗ ಅಂಗಡಿಯವರ 20 ಕೆಜಿ ಸೆಟ್. ಇಲ್ಲಿ ತುಂಬಾ ಜನ ಒಂದೊಂದು ಡಂಬೆಲ್ 20 ಕೆಜಿ ಅಂದುಕೊಳ್ಳುತ್ತಾರೆ. ಅದು ಎಲ್ಲಾ ಪ್ಲೇಟ್ ಸೇರಿಸಿದ ತೂಕ. ಸಾಮಾನ್ಯವಾಗಿ 2 ಕೆಜಿಯದು ನಾಲ್ಕು, 3 ಕೆಜಿಯದು ನಾಲ್ಕು ಕೊಡುತ್ತಾರೆ. ರಾಡ್ ಗಟ್ಟಿ ಕಬ್ಬಿಣದ್ದಾದರೆ ನಟ್ ಸಮೇತ ಅದೇ ಸುಮಾರು 2 ಕೆಜಿ ಇರುತ್ತೆ. ಲೆಕ್ಕ ಹಾಕಿ: ಎರಡೂ ಕಡೆ 2ರ ಪ್ಲೇಟ್ ಹಾಕಿದರೆ 6 ಕೆಜಿ, 3ರದು ಹಾಕಿದರೆ 8, ಎರಡೂ ಹಾಕಿದರೆ 12. ಅಷ್ಟೇ, ಮುಗೀತು. 6ರ ಕೆಳಗೆ ಬರೀ ರಾಡ್, ಹಾಗಾಗಿ ಶೋಲ್ಡರ್‌ಗೆ ಏನೂ ಇಲ್ಲ, 8 ಸಲೀಸಾದ ಮೇಲೆ ನೇರ 12ಕ್ಕೆ ಹಾರಬೇಕು. ಒಂದೂವರೆ ಪಟ್ಟು! ಭುಜ ನೋವು ಮಾಡಿಕೊಂಡು ಸೆಟ್ಟನ್ನು ಮಂಚದ ಕೆಳಗೆ ತಳ್ಳುವವರು ಬಹಳಷ್ಟು ಜನ ಈ ಜಿಗಿತದಲ್ಲೇ ಸಿಕ್ಕಿಕೊಂಡವರು.

ಇದಕ್ಕೆ ಮದ್ದು ಸುಲಭ. 1 ಕೆಜಿ ಪ್ಲೇಟ್ ನಾಲ್ಕು ಜಾಸ್ತಿ ಕೇಳಿ ತಗೊಳ್ಳಿ. ಆಗ 4, 6, 8, 10, 12, 14 ಹೀಗೆ ಎರಡೆರಡು ಕೆಜಿ ಏರಿಸುತ್ತಾ ಹೋಗಬಹುದು. ಅರ್ಧ ಕೆಜಿಯದೂ ನಾಲ್ಕು ಸಿಕ್ಕರೆ ಒಂದೊಂದೇ ಕೆಜಿ ಏರಿಸಲು ಬರುತ್ತೆ. ದೊಡ್ಡ ಪ್ಲೇಟ್ ಆಮೇಲೆ ಯಾವಾಗ ಬೇಕಾದರೂ ತರಬಹುದು.

ಪಿವಿಸಿ ಬೇಡ ಅಂದದ್ದು ಯಾಕೆ ಗೊತ್ತಾ? ಒಳಗೆ ತುಂಬಿರುವುದು ಸಿಮೆಂಟು, ಮರಳು. ಬೀಡು ಕಬ್ಬಿಣಕ್ಕೆ ಹೋಲಿಸಿದರೆ ಅಷ್ಟೇ ತೂಕಕ್ಕೆ ಸುಮಾರು ಮೂರು ಪಟ್ಟು ಜಾಗ ತಿನ್ನುತ್ತೆ. 14 ಇಂಚಿನ ರಾಡಿಗೆ ಎರಡು ದಪ್ಪ ಪ್ಲೇಟ್ ಹಾಕಿದ ಮೇಲೆ ನಟ್ ಹಿಡಿಯಲು ಮರೆ (ಥ್ರೆಡ್) ಉಳಿಯೋದೇ ಇಲ್ಲ, ಎರಡು ಸುತ್ತು ಕಚ್ಚಿ ನಿಂತುಬಿಡುತ್ತೆ. ಅದನ್ನು ತಲೆಯ ಮೇಲೆ ಎತ್ತುವುದು ಬೇಡವೇ ಬೇಡ. ಜೊತೆಗೆ ಬಿದ್ದರೆ ಒಳಗಿನ ಸಿಮೆಂಟ್ ಪುಡಿಯಾಗಿ ಪ್ಲೇಟ್ ಗಲಗಲ ಅನ್ನುತ್ತೆ, ಮಾಳಿಗೆ ಮೇಲೆ ಬಿಸಿಲಿಗೆ ಬಿಟ್ಟರೆ ಮೇಲಿನ ಪ್ಲಾಸ್ಟಿಕ್ ಕಾಲಕ್ರಮೇಣ ಬಿರಿಯುತ್ತೆ. ಕೈಯಲ್ಲಿ ದುಡ್ಡು ತೀರಾ ಕಮ್ಮಿ ಇದ್ದರೆ ಶುರುವಿಗೆ ಅದಾದರೂ ಪರವಾಗಿಲ್ಲ, ಆದರೆ ನಿಮ್ಮ ಲೆಕ್ಕದಲ್ಲಿ ಇದು ಮೊದಲ ಆಯ್ಕೆ ಆಗಬಾರದು.

ಅಂಗಡಿಯಲ್ಲಿ ಏನು ನೋಡಬೇಕು? ರಾಡ್. ಜನ ಪ್ಲೇಟಿನ ಬಣ್ಣ ನೋಡುತ್ತಾ ನಿಲ್ಲುತ್ತಾರೆ, ರಾಡನ್ನು ಮುಟ್ಟಿಯೂ ನೋಡುವುದಿಲ್ಲ. ನಟ್ಟನ್ನು ತುದಿಯಿಂದ ಒಳಗಿನವರೆಗೆ ಬೆರಳಲ್ಲೇ ತಿರುಗಿಸಿ. ನಡುವೆ ಎಲ್ಲೂ ಕಚ್ಚಬಾರದು, ಲೊಡಲೊಡ ಅಲ್ಲಾಡಲೂಬಾರದು. ನಕ್ಷತ್ರದ ಆಕಾರದ ನಟ್ ಬರುತ್ತಲ್ಲ, ಅದರ ಒಳಮುಖಕ್ಕೆ ರಬ್ಬರ್ ರಿಂಗ್ ಇದೆಯಾ ನೋಡಿ. ಆ ರಿಂಗ್ ಪ್ಲೇಟಿಗೆ ಒತ್ತಿಕೊಂಡರೇನೇ ನಟ್ ಸಡಿಲವಾಗದೆ ನಿಲ್ಲುತ್ತೆ. ಇದ್ದರೂ ಸರಿ, ವ್ಯಾಯಾಮದ ಪ್ರತಿ ಸುತ್ತು ಮುಗಿದ ಮೇಲೆ ಒಮ್ಮೆ ಕೈಯಲ್ಲಿ ಬಿಗಿ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ಹಿಡಿಯ ಹತ್ತಿರ ರಾಡಿಗೆ ಗೀರು ಗೀರು ಹಾಕಿರುತ್ತಾರೆ, ಅದು ಬೇಕು. ನುಣುಪಾದ ಕ್ರೋಮ್ ಹಿಡಿ ನಮ್ಮೂರಿನ ಏಪ್ರಿಲ್ ಬೆವರಿಗೆ ಕೈಯಿಂದ ಜಾರುತ್ತೆ. ಮತ್ತೆ, ಪ್ಲೇಟಿನ ತೂತು ರಾಡಿಗೆ ಹೊಂದಬೇಕು. ಮನೆಯ ರಾಡುಗಳು 25ರಿಂದ 28 ಎಂಎಂ, ದೊಡ್ಡ ಜಿಮ್ಮಿನ ಪ್ಲೇಟಿನ ತೂತು 50 ಎಂಎಂ. ಮುಂದೆ ಪ್ಲೇಟ್ ಸೇರಿಸುವಾಗ ಹಳೆಯ ರಾಡನ್ನೇ ಅಂಗಡಿಗೆ ಒಯ್ಯಿರಿ.

ತೂಕವನ್ನೂ ನಂಬಬೇಡಿ. ಪ್ಲೇಟಿನ ಮೇಲೆ 3 ಅಂತ ಅಚ್ಚು ಇದ್ದ ಮಾತ್ರಕ್ಕೆ 3 ಇರಬೇಕು ಅಂತೇನಿಲ್ಲ. ಪಕ್ಕದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟು ನೋಡಿ. ಸ್ವಲ್ಪ ಹೆಚ್ಚುಕಮ್ಮಿ ಇರಲಿ, ಆದರೆ ಎಡಗೈಗೂ ಬಲಗೈಗೂ ಒಂದೇ ತೂಕ ಬರುವ ಹಾಗೆ ಜೋಡಿ ಮಾಡಿಕೊಳ್ಳಿ. ಹಳೆಯದು ಸಿಕ್ಕರೆ ಬಿಡಬೇಡಿ. ಮುಚ್ಚಿದ ಜಿಮ್ಮಿನ ಕಬ್ಬಿಣದ ಪ್ಲೇಟಿಗೆ ಮುಪ್ಪಿಲ್ಲ, ತುಕ್ಕನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಎಣ್ಣೆ ಒರೆಸಿದರೆ ಆಯ್ತು. ನಮ್ಮದು ಕರಾವಳಿಯ ಗಾಳಿಯೂ ಅಲ್ಲ. ಆದರೆ ಹಳೆಯ ರಾಡ್ ಮಾತ್ರ ಮರೆ ಸವೆದಿದ್ದರೆ ಬೇಡ.

ಡಯಲ್ ಡಂಬೆಲ್ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಜಾಗ ಉಳಿಯುತ್ತೆ, ತೂಕ ಬದಲಾಯಿಸೋಕೆ ಎರಡು ಕ್ಷಣ ಸಾಕು, ನಿಜ. ಆದರೆ ಬೆಲೆ ಜಾಸ್ತಿ, ನೆಲಕ್ಕೆ ಕುಕ್ಕುವ ಹಾಗಿಲ್ಲ, ಒಳಗಿನ ಬೀಗ ಕೆಟ್ಟರೆ ಇಲ್ಲಿ ಯಾರೂ ರಿಪೇರಿ ಮಾಡಿಕೊಡೋದಿಲ್ಲ. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಬೋಫ್ಲೆಕ್ಸ್ ಕಂಪನಿಯ 552 ಮತ್ತು 1090 ಮಾದರಿಯ ಸುಮಾರು 38 ಲಕ್ಷ ಡಂಬೆಲ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆದರು, ಎತ್ತುವಾಗಲೇ ಪ್ಲೇಟ್ ಕಳಚಿ ಬೀಳುತ್ತಿದ್ದವು ಅನ್ನುವ ಕಾರಣಕ್ಕೆ. ಅಷ್ಟು ದೊಡ್ಡ ಹೆಸರಿನದೇ ಹೀಗಾದರೆ ಹೆಸರಿಲ್ಲದ ನಕಲುಗಳ ಬಗ್ಗೆ ಏನು ಹೇಳೋಣ?

ನಿಮ್ಮ ಮನೆಯವರಿಗೆ 3 ಕೆಜಿಯ ಫಿಕ್ಸ್ ಜೋಡಿ ಒಂದು ಬೇರೆ ತಗೊಳ್ಳಿ. ಇಬ್ಬರೂ ಒಟ್ಟಿಗೆ ಮಾಡುವಾಗ ಪ್ಲೇಟ್ ಬಿಚ್ಚಿ ಹಾಕುತ್ತಾ ಕೂರೋದು ತಪ್ಪುತ್ತೆ, ನಿಮ್ಮ ಶೋಲ್ಡರ್‌ಗೂ ಅದೇ ಆಗುತ್ತೆ. ಹೆಂಗಸರಿಗೆ ಅಂತ 1 ಕೆಜಿಯ ಗುಲಾಬಿ ಬಣ್ಣದ್ದು ತೋರಿಸುತ್ತಾರೆ, ಅದು ಬೇಡ. ತುಂಬಿದ ಕೊಡ ಸೊಂಟದ ಮೇಲೆ ಹೊತ್ತು ಮೆಟ್ಟಿಲು ಹತ್ತುವವರಿಗೆ ಅದು ಯಾವ ಮೂಲೆಗೆ? ಕಾಲಿನ ವ್ಯಾಯಾಮಕ್ಕೆ ಅವರೂ ನಿಮ್ಮ ರಾಡಿನಲ್ಲೇ 8-10 ಎತ್ತಬಹುದು.

ಮೊದಲನೇ ಮಹಡಿ ಅಂದಿರಲ್ಲ, ಟೈಲ್ಸ್ ಒಡೆದರೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ದನದ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಹುಡುಕಿ, ಒಂದೇ ಒಂದು ತಂದರೆ ಸಾಕು. ಯೋಗದ ಮ್ಯಾಟ್ ಇದಕ್ಕೆ ತಡೆಯೋದಿಲ್ಲ.

ಪ್ರಶ್ನೆ: ರಾಯಚೂರಿನವನು, ವಯಸ್ಸು 58, ಬಿಪಿ ಮಾತ್ರೆ ನುಂಗುತ್ತೇನೆ. ಹುಡುಗನಿದ್ದಾಗ ಗರಡಿ ಮನೆಯಲ್ಲಿ ಗುಂಡು ಎತ್ತಿದವನು. ಈಗ ಮಗ ತಂದ ಡಂಬೆಲ್ ಎತ್ತಬಹುದಾ?

ಉತ್ತರ: ಬಿಪಿ ಹತೋಟಿಯಲ್ಲಿದ್ದು ನಿಮ್ಮ ಡಾಕ್ಟರ್ ಹೂಂ ಅಂದರೆ ಧಾರಾಳವಾಗಿ ಎತ್ತಿ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಸಲಹೆಯಲ್ಲಿ ಹೇಳಿದೆ, ನಿಮ್ಮ ವಯಸ್ಸಿನವರಿಗೂ ಸೇರಿ. ನನ್ನ ಹೆದರಿಕೆ ನಿಮ್ಮ ಗರಡಿಯ ಅಭ್ಯಾಸದ ಬಗ್ಗೆ. ಗುಂಡು ಎತ್ತುವವರು ಉಸಿರು ಬಿಗಿಹಿಡಿದು ಒಂದೇ ದಮ್ಮಿಗೆ ಎತ್ತುತ್ತಾರೆ, ಆ ಕ್ಷಣಕ್ಕೆ ಬಿಪಿ ಜರ್ರನೆ ಏರುತ್ತೆ. ಈಗ ಅದು ಬೇಡ. ಎತ್ತುವಾಗ ಬಾಯಿಂದ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. 2-3 ಕೆಜಿಯಿಂದ ಶುರು ಮಾಡಿ, ಕುರ್ಚಿಯಲ್ಲಿ ಕೂತು, 12-15 ಸಲ. ತಲೆ ಸುತ್ತಿದರೆ, ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಬೇಸಿಗೆಯಲ್ಲಿ ಬೆಳಗ್ಗೆ ಬಿಸಿಲೇರುವ ಮುಂಚೆ ಮುಗಿಸಿಬಿಡಿ.

ಪ್ರಶ್ನೆ: ಕೊಪ್ಪಳದ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದೇನೆ. ಡಂಬೆಲ್‌ಗೆ ದುಡ್ಡಿಲ್ಲ. ಭಾರ ಎತ್ತಿದರೆ ಎತ್ತರ ಬೆಳೆಯೋದಿಲ್ಲ ಅಂತಾರೆ, ಹೌದಾ ಅಣ್ಣಾ?

ಉತ್ತರ: ಇಲ್ಲ ತಮ್ಮಾ, ಸರಿಯಾದ ರೀತಿಯಲ್ಲಿ ಎತ್ತಿದರೆ ಎತ್ತರಕ್ಕೇನೂ ಆಗೋದಿಲ್ಲ. ದಂಡ, ಬೈಠಕ್ ದಿನಾ ಹಾಕು. 2 ಲೀಟರ್ ಬಾಟಲಿಗೆ ನೀರು ತುಂಬಿದರೆ 2 ಕೆಜಿ, ಒಣ ಮರಳು ತುಂಬಿದರೆ 3 ಕೆಜಿ ದಾಟುತ್ತೆ. ಬೆನ್ನಿನ ವ್ಯಾಯಾಮಕ್ಕೆ ಪುಸ್ತಕದ ಬ್ಯಾಗ್ ಸಾಕು. ಊರಿಂದ ಗಂಗಾವತಿ ಸೋನಾ ಮಸೂರಿಯ 10 ಕೆಜಿ ಚೀಲ ಏನಾದರೂ ಬಂದರೆ ಅದನ್ನೇ ಬ್ಯಾಗಿಗೆ ಹಾಕಿಕೊಂಡು ಬೈಠಕ್ ಹೊಡಿ, ಚೀಲದ ಬಾಯಿ ಗಟ್ಟಿಯಾಗಿ ಕಟ್ಟಿರು.