ತೊಳೆಯದೆ ಇಟ್ಟ ಬೈರಾಸು

ಅಪರಿಚಿತರಿಂದ ದೊಡ್ಡ ಉಪಕಾರ ಪಡೆದು, ಅವರ ಹೆಸರೂ ತಿಳಿಯದೆ, ಕೃತಜ್ಞತೆಯನ್ನು ಯಾರಿಗೆ ಸಲ್ಲಿಸಬೇಕೆಂದು ತೋಚದೆ ಕುಗ್ಗಿದವರು ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಆಗಾಗ ಬರುತ್ತಾರೆ. ಈ ಸಂಕಟವನ್ನು ದುಃಖದ ಒಂದು ಭಾಗವೆಂದು ಎಣಿಸಿ, ಬಹುಕಾಲ ನಾನು ಅದಕ್ಕೆ ಪ್ರತ್ಯೇಕ ಗಮನ ಕೊಟ್ಟಿರಲಿಲ್ಲ. ನನ್ನ ಆ ಎಣಿಕೆಯನ್ನು ತಿದ್ದಿದ ಪ್ರಕರಣ ಇದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ಕರಾವಳಿಯ ಒಂದು ಊರಿನ, ನಲವತ್ತರ ಆಸುಪಾಸಿನ ಕ್ರೈಸ್ತ ಮಹಿಳೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೆಳಗಿನ ಜಾವ ಅವರ ಪತಿಯ ಬೈಕಿಗೆ ಯಾವುದೋ ವಾಹನ ಬಡಿದು ನಿಲ್ಲದೆ ಹೋಗಿತ್ತು. ಹಿಂದಿನಿಂದ ಬಂದ ಮೀನಿನ ಟೆಂಪೊದ ಚಾಲಕರೊಬ್ಬರು ಇಳಿದು, ತಮ್ಮ ಹೆಗಲ ಮೇಲಿದ್ದ ಬೈರಾಸನ್ನು, ಅಂದರೆ ಟವೆಲನ್ನು, ಗಾಯಾಳುವಿನ ತಲೆಗೆ ಬಿಗಿದು ಕಟ್ಟಿ, ಆಸ್ಪತ್ರೆಗೆ ಮುಟ್ಟಿಸಿ, ಸ್ಕ್ಯಾನಿಂಗಿನ ಹಣವನ್ನೂ ತಾವೇ ಕಟ್ಟಿ, ಹೆಂಡತಿ ಬಂದು ತಲುಪುವವರೆಗೆ ಕಾದಿದ್ದು, ಹೆಸರು ಹೇಳದೆ ಹೊರಟುಹೋದರು. ಪತಿ ನಾಲ್ಕನೆಯ ದಿನ ತೀರಿಕೊಂಡರು. ಅದಕ್ಕೆ ಮೊದಲು ಒಂದು ಸಂಜೆ ಅವರಿಗೆ ಎಚ್ಚರವಾಗಿ, ಹೆಂಡತಿ ಮತ್ತು ಮಗಳೊಡನೆ ಮಾತಾಡಿದ್ದರು.

ನನ್ನಲ್ಲಿಗೆ ಬರುವಾಗ ಎಂಟು ತಿಂಗಳು ಕಳೆದಿತ್ತು. ರಸ್ತೆಯಲ್ಲಿ ಕಂಡ ಪ್ರತಿಯೊಂದು ಮೀನಿನ ಟೆಂಪೊದ ಒಳಗೆ ಅವರು ಇಣುಕಿ ನೋಡುತ್ತಿದ್ದರು. ಪೊಲೀಸ್ ಠಾಣೆಗೂ ಹೋಗಿದ್ದರು. ಮೊದಲ ಭೇಟಿಯಲ್ಲಿ ನಾನು, ಆ ಉಪಕಾರವನ್ನು ಇನ್ನೊಬ್ಬ ಅಪರಿಚಿತರಿಗೆ ಮಾಡಿದರೆ ಋಣ ತೀರಿದಂತೆ ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು, ಮುಂದಿನ ಎರಡು ವಾರ ಬರಲಿಲ್ಲ. ಮಾತು ಸುಳ್ಳಲ್ಲ, ಆದರೆ ಇನ್ನೂ ಹೇಳಿಯೇ ಇಲ್ಲದ ಕೃತಜ್ಞತೆಯನ್ನು ಅದು ಬಾಯಿಯಲ್ಲೇ ತಡೆದುಬಿಟ್ಟಿತ್ತು.

ಮತ್ತೆ ಬಂದಾಗ ಅವರ ಕೈಯಲ್ಲಿ ಆಸ್ಪತ್ರೆಯವರು ಬಟ್ಟೆಗಳೊಂದಿಗೆ ಕಟ್ಟಿಕೊಟ್ಟಿದ್ದ ಪ್ಲಾಸ್ಟಿಕ್ ಚೀಲವಿತ್ತು. ಅದರೊಳಗೆ ಆ ಬೈರಾಸು ರಕ್ತ ಒಣಗಿ, ಮರದ ತೊಗಟೆಯಂತೆ ಗಟ್ಟಿಯಾಗಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಅವರು ಹೇಳಿದರು: “ಚರ್ಚಿನ ಸಭೆಯಲ್ಲಿ ಎಲ್ಲರೂ ಅವರನ್ನು ದೇವದೂತ ಅಂತಾರೆ ಮೇಡಂ. ದೇವದೂತ ಆಗಿದ್ದರೆ ಇವರನ್ನು ಉಳಿಸಬೇಕಿತ್ತಲ್ಲ? ಅವರು ಮನುಷ್ಯರು. ಕೈ ನಡುಗುತ್ತಿದ್ದುದನ್ನು ನಾನು ನೋಡಿದ್ದೇನೆ. ಆ ರಕ್ತದ ಅಂಗಿಯಲ್ಲೇ ಮನೆಗೆ ಹೋಗಿರಬೇಕು. ಅದನ್ನು ಯಾರು ತೊಳೆದರೋ!” ಸ್ವಲ್ಪ ಹೊತ್ತಿನ ಬಳಿಕ, “ಇದನ್ನಾದರೂ ನಾನು ತೊಳೆಯಬಹುದಾ?” ಎಂದು ಕೇಳಿದರು.

ಅವರನ್ನು ಬಾಧಿಸುತ್ತಿದ್ದುದು ಏನೆಂದು ನನಗೆ ಆಗ ತಿಳಿಯಿತು. ಬಂಧುಗಳ ಪಾಲಿಗೆ ಆ ಸಹಾಯ ಫಲಿಸದೆ ಹೋದ ಸಹಾಯ. ಸಭೆಯವರ ಪಾಲಿಗೆ ಅದು ಸ್ವರ್ಗದಿಂದ ಇಳಿದು ಬಂದದ್ದು. ಇವೆರಡರ ನಡುವೆ ನಡುಗುವ ಕೈಗಳ ಒಬ್ಬ ಮನುಷ್ಯ ಕಾಣೆಯಾಗಿದ್ದರು. ತೊಳೆಯಿರಿ ಎಂದೆ, ನಿಮ್ಮ ಕೈಯಿಂದಲೇ ತೊಳೆಯಿರಿ, ಅವರ ಮನೆಯವರು ಆ ಅಂಗಿಯನ್ನು ತೊಳೆದ ಹಾಗೆ.

ಹುಡುಕಾಟ ನಿಲ್ಲಿಸಿರಿ ಎಂದೂ ಹೇಳಿದೆ. ಇದು ಕಠಿಣವಾಯಿತೆಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಇಂಥ ನೆರವಿಗರಿಗೆ ರಕ್ಷಣೆ ನೀಡಿದೆ, ಅವರ ಹೆಸರು ವಿಳಾಸ ಹೇಳುವಂತೆ ಪೊಲೀಸರೂ ಒತ್ತಾಯಿಸುವಂತಿಲ್ಲ. ಹೆಸರು ಹೇಳದೆ ಹೋಗುವುದು ಆ ಚಾಲಕರ ಇಚ್ಛೆಯಾಗಿತ್ತು. ನಮ್ಮ ಮನಸ್ಸಿನ ಹಗುರಕ್ಕಾಗಿ ಅದನ್ನು ಮೀರುವುದು ಕೃತಜ್ಞತೆಯಲ್ಲವೆಂದು ನಾನು ಇಂದಿಗೂ ನಂಬುತ್ತೇನೆ.

ದೇವದೂತ ಎಂಬ ಮಾತಿನ ಬಗ್ಗೆ ಸಭೆಯ ಹಿರಿಯರೊಬ್ಬರು ನನ್ನೊಡನೆ ವಾದಿಸಿದರು, ಕೆಲವರು ತಿಳಿಯದೆ ದೇವದೂತರನ್ನು ಉಪಚರಿಸಿದರೆಂದು ಹೇಳುವ, ಬೈಬಲಿನ ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದ ವಚನವನ್ನು ನೆನಪಿಸಿದರು. ಆ ವಚನದಲ್ಲಿ ದೇವದೂತರು ಉಪಚಾರ ಮಾಡಿದವರಲ್ಲ, ಅತಿಥಿಗಳಾಗಿ ಬಂದು ಉಪಚಾರ ಪಡೆದವರು ಎಂದು ವಿನಯದಿಂದಲೇ ತಿಳಿಸಿದೆ. ನಮ್ಮನ್ನು ಎತ್ತಿಕೊಂಡವರ ಬಗ್ಗೆ ಸುವಾರ್ತೆ ಹೇಳುವ ಕಥೆ ಒಳ್ಳೆಯ ಸಮಾರ್ಯದವನದು. ಯೆಹೂದ್ಯರು ಅನ್ಯರೆಂದು ಕಾಣುತ್ತಿದ್ದ ಸಮಾರ್ಯದವನೊಬ್ಬ, ಕಳ್ಳರ ಹೊಡೆತಕ್ಕೆ ದಾರಿಯಲ್ಲಿ ಬಿದ್ದಿದ್ದವನನ್ನು ಛತ್ರಕ್ಕೆ ಮುಟ್ಟಿಸಿದ ಕಥೆ ಅದು, ಮತ್ತು ಅವನು ಎಣ್ಣೆ, ದ್ರಾಕ್ಷಾರಸ, ಸ್ವಂತ ಕತ್ತೆ, ಎರಡು ಬೆಳ್ಳಿ ನಾಣ್ಯಗಳನ್ನು ವ್ಯಯಿಸಿದ ಮನುಷ್ಯ. ಆ ಸಾಮ್ಯಕಥೆಯನ್ನು ನಾವು ಸದಾ ಸಹಾಯ ಮಾಡುವವನ ಕಡೆಯಿಂದ ಬೋಧಿಸುತ್ತೇವೆ. ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನು ಛತ್ರದಲ್ಲಿ ಎಚ್ಚರಗೊಂಡು ಏನು ಮಾಡಿದನೆಂದು ಯಾರೂ ಕೇಳುವುದಿಲ್ಲ. ಅವನಿಗೂ ಒಂದು ಹೆಸರು ಸಿಕ್ಕಿರಲಿಕ್ಕಿಲ್ಲ.

ಅವನು ಏನು ಮಾಡಬಹುದಿತ್ತೆಂಬುದಕ್ಕೆ ಉತ್ತರ ನನಗೆ ಬೈಬಲಿನ ಅಪೊಸ್ತಲರ ಕೃತ್ಯಗಳೆಂಬ ಪುಸ್ತಕದಲ್ಲಿ ದೊರೆತಿದೆ. ಅಪೊಸ್ತಲ ಪೌಲನಿದ್ದ ಹಡಗು ಒಡೆದು, ಅದರಲ್ಲಿದ್ದ 276 ಮಂದಿ ಮೆಲೀತೆ ದ್ವೀಪದ, ಅಂದರೆ ಇಂದಿನ ಮಾಲ್ಟಾದ, ದಡ ಸೇರಿದಾಗ ಅಲ್ಲಿಯವರು ಅಸಾಧಾರಣ ದಯೆ ತೋರಿದರೆಂದು ಅಲ್ಲಿ ಬರೆದಿದೆ. ಬೆಂಕಿ ಹೊತ್ತಿಸಿದವರ ಹೆಸರುಗಳಿಲ್ಲ. ಆದರೆ ಮಳೆ ಸುರಿಯುತ್ತಿತ್ತು, ಚಳಿಯಿತ್ತು, ಅದಕ್ಕಾಗಿ ಅವರು ಬೆಂಕಿ ಹೊತ್ತಿಸಿ ಎಲ್ಲರನ್ನೂ ಕರೆದರು ಎಂಬಷ್ಟು ಕಾಣುವಂತೆ ಬರೆದಿದೆ. ಹುಡುಕಿ ಸಲ್ಲಿಸಲಾಗದ ಕೃತಜ್ಞತೆಗೆ ಉಳಿದಿರುವ ಕೆಲಸ ಇದು: ಅವರು ಮಾಡಿದ್ದನ್ನು ಏರಿಸದೆ, ಇಳಿಸದೆ, ಕಂಡಂತೆ ಹೇಳುವುದು. ಹಾಗಾಗಿ ಪತಿಯ ವರ್ಷದ ನೆನಪಿನ ಪ್ರಾರ್ಥನೆಯಲ್ಲಿ ಆ ಬೆಳಗನ್ನು ಕುರಿತು ಸಾಕ್ಷಿ ಹೇಳಿರಿ, ಆ ಚಾಲಕರಿಗಾಗಿ ಪ್ರಾರ್ಥಿಸಲು ಸಭಾಪಾಲಕರನ್ನು ಕೇಳಿರಿ ಎಂದು ಸೂಚಿಸಿದೆ. ಅವರ ಮತ ಯಾವುದೆಂದು ಗೊತ್ತಿಲ್ಲವಲ್ಲ ಎಂದು ಕೇಳಿದರು. ಸಮಾರ್ಯದವನನ್ನು ಕುರಿತು ಯೇಸು ಹೇಳಿದ ಕಥೆ ಸಭೆಗೆ ಗೊತ್ತಿದೆ ಎಂದೆ.

ಪ್ರಾರ್ಥನೆಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಸ್ಕ್ಯಾನಿಂಗಿನ ಹಣವನ್ನು ಆ ಚಾಲಕರೇ ಕಟ್ಟಿದ್ದನ್ನು, ಅವರ ಕೈ ನಡುಗುತ್ತಿದ್ದುದನ್ನು, ಆ ಬೆಳಗಿನ ಮೀನು ಟೆಂಪೊದಲ್ಲಿ ಹಾಗೆಯೇ ಉಳಿದುದನ್ನು, ಕೊನೆಗೆ “ನೀವು ಬಂದಿರಲ್ಲ, ನಾನು ಹೊರಡುತ್ತೇನೆ” ಎಂದುದನ್ನು ಆ ಮಹಿಳೆ ಬಿಡದೆ ಹೇಳಿದರು. ಹೊರಗೆ ಬಂದಾಗ, ಮೂರು ಸಲ ತೊಳೆದರೂ ಬೈರಾಸಿನ ಒಂದು ಅಂಚಿನಲ್ಲಿ ಕಲೆ ಉಳಿದಿದೆ ಎಂದರು. ಹಾಗೆಯೇ ಮಡಚಿ ಇಡಿ ಎಂದೆ.