ಹಳೇ ರೈಲಿನ ಗಾಲಿಜೋಡಿ, ಕೈಮರ ಮನೆ ಅಂಗಳದಲ್ಲಿ ಭದ್ರವಾಗಿ ನಿಲ್ಲಿಸೋದು ಹೇಗೆ?

ನೀವು ಕೇಳಿದ್ದು ಇಷ್ಟು: ಚಿಕ್ಕಬಳ್ಳಾಪುರದ ಮನೆ ಅಂಗಳದಲ್ಲಿ ಒಂದು ನ್ಯಾರೋಗೇಜ್ (ಕಿರಿದಾದ ಹಳಿಯ) ಗಾಲಿಜೋಡಿ, ಅಂದರೆ ಒಂದೇ ಅಚ್ಚಿನ ಎರಡು ಗಾಲಿ, ಮತ್ತು ಹದಿನಾರು ಅಡಿ ಎತ್ತರದ ಕೈಮರ, ಅಂದರೆ ಕೈ ಎತ್ತಿಳಿಸಿ ರೈಲಿಗೆ ಸೂಚನೆ ಕೊಡುವ ಹಳೇ ಸಿಗ್ನಲ್ ಕಂಬ, ಇಡಬೇಕು. ಕೈಮರಕ್ಕೆ ಎರಡಡಿ ಗುಂಡಿ, ಗಾಲಿಗೆ ಎರಡು ಮರದ ಬೆಣೆ ಸಾಕು ಅಂತ ಮೇಸ್ತ್ರಿ ಹೇಳ್ತಿದ್ದಾರೆ. ಮನೇಲಿ ಮಕ್ಕಳಿದ್ದಾರೆ, ಸಾಕಾಗುತ್ತಾ?

ಎರಡೂ ಸಾಲದು. ಮೊದಲು ಗಾಲಿ ವಿಷಯ.

ಗಾಲಿಜೋಡಿ ಭಾರ ಇದೆ, ಎಲ್ಲಿಗೆ ಹೋಗುತ್ತೆ ಅನ್ನೋ ಧೈರ್ಯವೇ ಅಪಾಯ. ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿ ಉರುಳೋಕೆ ಬೇಕಾದ ಬಲ ತೀರಾ ಕಮ್ಮಿ. ತೂಕ 400 ಕೆಜಿ ಅಂತಿಟ್ಟುಕೊಳ್ಳಿ (ನಿಮ್ಮದರ ನಿಜವಾದ ತೂಕ ತರುವಾಗ ವೇಬ್ರಿಡ್ಜ್‌ನಲ್ಲಿ ಹಾಕಿಸಿ). ಮಳೆನೀರು ಗೇಟಿನ ಕಡೆ ಹರೀಲಿ ಅಂತ ಅಂಗಳಕ್ಕೆ ನೂರಕ್ಕೆ ಒಂದರಷ್ಟು ವಾಟ ಕೊಟ್ಟೇ ಇರ್ತಾರೆ. ಅಷ್ಟು ಇಳಿಜಾರಲ್ಲೇ ಅದನ್ನು 4 ಕೆಜಿ ಬಲ ಸದಾ ಕೆಳಕ್ಕೆ ಎಳೀತಿರುತ್ತೆ. ಹಳಿ ನಯವಾಗಿದ್ದರೆ ಹೊರಡೋಕೆ ಅದು ಸಾಕು. ಮರದ ಬೆಣೆ ಒಂದು ಬೇಸಿಗೆಗೆ ಒಣಗಿ ಕುಗ್ಗುತ್ತೆ, ಉಳಿದದ್ದು ಗೆದ್ದಲಿಗೆ.

ಹಾಗಾಗಿ ಕೆಳಗೆ 2.2 ಮೀ ಉದ್ದ, 1.3 ಮೀ ಅಗಲ, 20 ಸೆಂ.ಮೀ ದಪ್ಪದ ಸ್ಲ್ಯಾಬ್ ಹಾಕಿಸಿ. ಮೇಲ್ಮಣ್ಣು ತೆಗೆದು, ಗರಸು ಸಿಗುವವರೆಗೆ ಅಗೆದು ದಮ್ಮಸ್ಸು ಮಾಡಿಸಬೇಕು. ಕೆರೆಗೋಡು ಹೊಡೆಸಿ ಎತ್ತರಿಸಿದ ನಿವೇಶನವಾದರೆ ಆ ಮಣ್ಣನ್ನು ಪೂರ್ತಿ ತೆಗೆಸಿ, ಅದು ಮಳೇಲಿ ಉಬ್ಬಿ ಬೇಸಿಗೇಲಿ ಬಿರಿಯುತ್ತೆ. 10 ಎಂಎಂ ಕಂಬಿ ಎರಡೂ ಕಡೆ 15 ಸೆಂ.ಮೀ ಅಂತರದಲ್ಲಿ ಇರಲಿ. ಕಾಂಕ್ರೀಟು ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಅಳತೆ. ಐದು ಮೂಟೆ ಸಿಮೆಂಟು ಬೇಕು. ಮೇಲ್ಮೈ ರಸಮಟ್ಟಕ್ಕೆ ಸರಿಯಾಗಿರಬೇಕು. ಅಂಗಳದ ವಾಟ ಇದಕ್ಕೆ ಬರಕೂಡದು.

ಹಳಿ ಕೂರಿಸುವಾಗ ಒಂದು ತಪ್ಪು ಬಹಳ ಮಂದಿ ಮಾಡ್ತಾರೆ. ಎರಡು ಗಾಲಿಗಳ ಒಳಮೈ ನಡುವಿನ ಅಂತರ ಅಳೆದು, ಅದೇ ಗೇಜು ಅಂದುಕೊಂಡು ಹಳಿ ಕೂರಿಸಿಬಿಡ್ತಾರೆ. ಗೇಜು ಅಂದರೆ ಎರಡು ಹಳಿಗಳ ತಲೆಯ ಒಳಅಂಚಿನ ಅಂತರ. ಯಲಹಂಕ, ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರ, ಬಂಗಾರಪೇಟೆಯ ಹಳೇ ನ್ಯಾರೋಗೇಜ್‌ನದು 762 ಮಿ.ಮೀ ಇತ್ತು. ಗೌರಿಬಿದನೂರು ಅಥವಾ ತುಮಕೂರು ಕಡೆಯ ಹಳೇ ಗಾಲಿಯಾದರೆ ಮೀಟರ್‌ಗೇಜ್, 1000 ಮಿ.ಮೀ. ಗಾಲಿಗಳ ಒಳಮೈ ಅಂತರ ಇದಕ್ಕಿಂತ ಕಮ್ಮಿಯೇ ಇರುತ್ತೆ, ಏಕೆಂದರೆ ಗಾಲಿಯ ಒಳಬದಿಯಲ್ಲಿ ಚಾಚಿದ ಅಂಚುಪಟ್ಟಿ ಹಳಿಯ ಒಳಗೆ ಇಳಿಯಬೇಕು. ತಪ್ಪಿ ಕೂರಿಸಿದರೆ ಆ ಪಟ್ಟಿ ಹಳಿ ತಲೆ ಮೇಲೇ ನಿಂತು ಗಾಲಿ ಓಲಾಡುತ್ತೆ. ಸುಲಭ ದಾರಿ: ಒಂದು ಹಳಿ ಬಿಗಿ ಮಾಡಿ, ಗಾಲಿ ಇಳಿಸಿ, ಇನ್ನೊಂದನ್ನು ಅದಕ್ಕೆ ಹೊಂದಿಸಿ ಆಮೇಲೆ ಬಿಗಿ ಮಾಡಿ.

ಸ್ಲೀಪರ್ (ಹಳಿಯ ಕೆಳಗಿನ ಅಡ್ಡದಿಮ್ಮಿ) ಶೋಭೆಗೆ ಮಾತ್ರ ಇರಲಿ, ಭಾರ ಹೊರೋದು ಬೇಡ. ಗಾಲಿ ಎರಡು ಸ್ಲೀಪರ್ ನಡುವೆ ಬರುವ ಹಾಗೆ ಇಟ್ಟು, ಅಲ್ಲಿ ಹಳಿಯ ಕೆಳಗಿನ ಸಂದಿಗೆ ಸರಿಯಾಗಿ ಕೂರುವ ಉಕ್ಕಿನ ಆಧಾರ ಕೊಟ್ಟು ಭಾರವನ್ನು ನೇರ ಸ್ಲ್ಯಾಬಿಗೆ ಇಳಿಸಿ. ಹಳೇ ಮರದ ಸ್ಲೀಪರ್‌ಗೆ ಕ್ರಿಯೋಸೋಟ್ ಎಣ್ಣೆ ಕುಡಿಸಿರ್ತಾರೆ, ಉಳಿದ ತುಂಡನ್ನು ಒಲೆಗೆ ಹಾಕಬೇಡಿ.

ಇನ್ನು ಹಿಡಿತ. ಎರಡೂ ಗಾಲಿಗಳ ಒಳಗಡೆ, ಅಚ್ಚಿನ ಕೆಳಗೆ, 100 ಎಂಎಂ ಉಕ್ಕಿನ ಚಾನಲ್ ತುಂಡಿನ ಎರಡು ಗಿಡ್ಡ ಕಾಲು ನಿಲ್ಲಿಸಿ. ಪ್ರತಿ ಕಾಲಿಗೆ 200×200×12 ಎಂಎಂ ಪ್ಲೇಟು, ಸ್ಲ್ಯಾಬ್ ಹಾಕುವಾಗಲೇ ಹುಗಿದ ನಾಲ್ಕು 16 ಎಂಎಂ ಬೋಲ್ಟು. ಆಮೇಲೆ ಡ್ರಿಲ್ ಹೊಡೆದು ಹಾಕುವ ಎಕ್ಸ್‌ಪ್ಯಾನ್ಷನ್ ಬೋಲ್ಟು ಅಂಚಿನ ಹತ್ತಿರ ಕಾಂಕ್ರೀಟನ್ನೇ ಸೀಳಿಬಿಡಬಹುದು. ಅಚ್ಚಿನ ಮೇಲಿಂದ ಯು-ಬೋಲ್ಟು ಇಳಿಸಿ, ನಡುವೆ 5 ಎಂಎಂ ರಬ್ಬರ್ ಕೊಟ್ಟು ಬಿಗಿಸಿ. ಭಾರ ಹಳಿ ಮೇಲೇ ಇರಬೇಕು, ಕಾಲುಗಳು ಹಿಡಿದುಕೊಂಡಿದ್ದರೆ ಸಾಕು. ಗಾಲಿಗೆ, ಅಚ್ಚಿಗೆ, ಹಳಿಗೆ ವೆಲ್ಡಿಂಗ್ ಮಾಡಿಸಲೇಬೇಡಿ. ಆ ಉಕ್ಕಿನಲ್ಲಿ ಇಂಗಾಲ ಜಾಸ್ತಿ, ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತೆ. ಕೊನೆಗೆ ನಟ್ಟಿನ ಮೇಲೆ ಚಾಚಿದ ಬೋಲ್ಟಿನ ಮರೆಯನ್ನು (ತಿರುಪಿನ ಗೆರೆಗಳನ್ನು) ಪಂಚಿನಿಂದ ಜಜ್ಜಿ, ಗುಜರಿ ಕಳ್ಳರಿಗೆ ಪಾನಾ ಸಾಲದು.

ಕೈಮರದ ಶತ್ರು ಗಾಳಿ. ಬೆಂಗಳೂರಿಗೆ ಲೆಕ್ಕ ಹಾಕುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ನಿಮ್ಮಲ್ಲೂ ಅದನ್ನೇ ಹಿಡಿಯೋಣ. ಚದರ ಮೀಟರಿಗೆ ಸುಮಾರು 66 ಕೆಜಿ ಒತ್ತಡ ಬರುತ್ತೆ. ಐದು ಮೀಟರ್ ಕಂಬ, ತುದಿಯ ಕೈ, ಏಣಿ, ದೀಪ ಎಲ್ಲ ಸೇರಿ ಬುಡದಲ್ಲಿ ಬೀಳಿಸುವ ಬಲ ಹೆಚ್ಚೂಕಮ್ಮಿ 300 ಕೆಜಿ-ಮೀಟರ್. ಮೇಸ್ತ್ರಿ ಹೇಳಿದ ಎರಡಡಿ ಗುಂಡಿಯ ಕಾಂಕ್ರೀಟು ಸುಮಾರು 520 ಕೆಜಿ. ತನ್ನ ಭಾರದಿಂದ ಅದು ತಡೆಯೋದು 155ರಷ್ಟೇ. ಸುತ್ತಲ ಮಣ್ಣು ಗಟ್ಟಿ ಇರುವಾಗ ನಿಂತಿರುತ್ತೆ, ಅಕ್ಟೋಬರ್ ಮಳೆಗೆ ಮಣ್ಣು ನೆನೆದ ದಿನ ವಾಲುತ್ತೆ. 1 ಮೀ ಉದ್ದಗಲ, 1.2 ಮೀ ಆಳ ಮಾಡಿ: 2,880 ಕೆಜಿ ಭಾರ, 1,440 ತಡೆ. ಯಾರಾದರೂ ಏಣಿ ಹತ್ತಿದರೂ ಅಲುಗಲ್ಲ. ಇದಕ್ಕೆ ಹತ್ತು ಮೂಟೆ ಸಿಮೆಂಟು, 18 ಘನ ಅಡಿ ಎಂ-ಸ್ಯಾಂಡ್, 36 ಘನ ಅಡಿ ಜಲ್ಲಿ ತರಿಸಿ.

ಕಂಬದ ಬುಡ ನೆಲಮಟ್ಟದಲ್ಲೇ ತುಕ್ಕು ತಿಂದಿರುತ್ತೆ. ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಸದ್ದು ಮೊದ್ದಾದ ಕಡೆಯವರೆಗೂ ಕತ್ತರಿಸಿ ತೆಗೆಸಿ. ಉಕ್ಕಿನ ಕೊಳವೆಯಾದರೆ 400×400×20 ಎಂಎಂ ಪ್ಲೇಟು ಬೆಸೆದು, ನಾಲ್ಕು ಕಡೆ ತ್ರಿಕೋನ ಆಧಾರ ಕೊಡಿಸಿ. ಬೀಡು ಕಬ್ಬಿಣವಾದರೆ ಬೆಸುಗೆ ಬೇಡ, ಎರಡು ಹೋಳಿನ ಕ್ಲ್ಯಾಂಪ್ ಮಾಡಿಸಿ. ನಾಲ್ಕು 20 ಎಂಎಂ ಬೋಲ್ಟು, 60 ಸೆಂ.ಮೀ ಉದ್ದ, ಕೆಳತುದಿ ಕೊಕ್ಕೆ. ಪ್ಲೈವುಡ್ ಅಚ್ಚಿನಲ್ಲಿ ಸ್ಥಾನ ಹಿಡಿದು ಕಾಂಕ್ರೀಟು ಹಾಕಬೇಕು. ಏಳು ದಿನ ಗೋಣಿ ನೆನೆಸಿ ಕ್ಯೂರಿಂಗ್ ಆದ ಮೇಲಷ್ಟೇ ಕಂಬ ಎತ್ತಿ. ಪ್ಲೇಟಿನ ಕೆಳಗೂ ಒಂದೊಂದು ನಟ್ಟು ಇದ್ದರೆ ತೂಗುಗುಂಡು ಹಿಡಿದು ನೇರ ಮಾಡೋಕೆ ಸುಲಭ, ಸಂದಿಗೆ ಆಮೇಲೆ ಕುಗ್ಗದ ಗ್ರೌಟ್ ತುಂಬಿ. ಕೊಳವೆಯ ಬುಡದಲ್ಲಿ ನೀರು ಹೋಗಲು 12 ಎಂಎಂ ತೂತು ಬಿಡಿ. ಇದನ್ನು ಮರೆತರೆ ಕಂಬ ಒಳಗಿಂದ ತುಕ್ಕು ಹಿಡಿಯುತ್ತೆ, ಹೊರಗೆ ಬಣ್ಣ ಮಿಂಚ್ತಿರುತ್ತೆ.

ಜಾಗ ಆರಿಸುವಾಗ ತಲೆ ಎತ್ತಿ ನೋಡಿ: ಬೆಸ್ಕಾಂ ತಂತಿಯಿಂದ ಕಂಬದ ಎತ್ತರದ ಒಂದೂವರೆ ಪಟ್ಟು ದೂರ ಇರಲಿ. ಹೈಡ್ರಾ ಕ್ರೇನಿನ ತೋಳಿಗೂ ಇದೇ ಎಚ್ಚರ. ಎತ್ತುವಾಗ ಸರಪಳಿ ಬೇಡ, ಬೆಲ್ಟು ಸಾಕು.

ಕೈಮರದ ಕೈ ಮತ್ತು ತೂಕ ಕಟ್ಟಿದ ಸನ್ನೆಕೋಲು ಚಲಿಸುವ ಭಾಗಗಳು. ಕೈಯನ್ನು ಎಳೆಯುವ ತಂತಿ ತುಂಡಾದರೆ ಕೈ ತಾನಾಗಿ ಅಡ್ಡಕ್ಕೆ, ಅಂದರೆ 'ನಿಲ್ಲು' ಸ್ಥಿತಿಗೆ ಬರುವಂತೆಯೇ ಅದನ್ನು ಮಾಡಿರೋದು. ಮಗು ಸನ್ನೆಗೆ ಜೋತುಬಿದ್ದು ಕೈ ಬಿಟ್ಟರೆ ಬೆರಳು ಜಜ್ಜಿಹೋಗುತ್ತೆ. ಎರಡನ್ನೂ ಬೋಲ್ಟು ಹಾಕಿ ಕಟ್ಟಿಬಿಡಿ, ಏಣಿಯ ಕೆಳಗಿನ ಏಳಡಿಗೆ ತಗಡು ಮುಚ್ಚಿ. ಗೇಟಿನಿಂದ ನೋಡಿದಾಗ ಕೈ ಕಂಬದ ಎಡಕ್ಕೆ ಬರಲಿ, ಡ್ರೈವರಿಗೆ ಕಾಣೋದು ಹಾಗೇ.

ಹಳೇ ಬಣ್ಣದಲ್ಲಿ ಸೀಸ ಇರುತ್ತೆ. ಒಣ ಉಜ್ಜಾಟ, ಗ್ರೈಂಡರ್ ಬೇಡ. ಪೇಂಟ್ ರಿಮೂವರ್ ಹಚ್ಚಿ ಕೆರೆದು, ಕಸ ಕಟ್ಟಿ ಹಾಕಿ. ಜಿಂಕ್ ಫಾಸ್ಫೇಟ್ ಪ್ರೈಮರ್ ಎರಡು ಕೋಟು, ಮೇಲೆ ಎನಾಮಲ್. ಎರಕದ ಅಕ್ಷರ, ಇಸವಿಗಳ ಮೇಲೆ ಪುಟ್ಟಿ ಬಳಿಯಬೇಡಿ.

ಕಾಗದದ ವಿಷಯ ಸಣ್ಣದಲ್ಲ. ರೈಲ್ವೆ ಆಸ್ತಿ ಅಕ್ರಮ ಸ್ವಾಧೀನದ ಬಗ್ಗೆ 1966ರ ಕಾಯ್ದೆಯೇ ಇದೆ. ಹರಾಜಿನ ರಸೀದಿ, ಡೆಲಿವರಿ ಕಾಗದ, ಗುಜರಿಯವರಿಂದ ಕೊಂಡಿದ್ದರೆ ಅವರಿಗೆ ಬಂದ ಮೂಲ ಕಾಗದದ ನಕಲು, ಎಲ್ಲ ಮನೇಲಿರಲಿ. ರಸ್ತೆಗೆ ಕಾಣುವ ಹಾಗೆ ಇಟ್ಟ ಮೇಲೆ ಆರ್‌ಪಿಎಫ್‌ನವರು (ರೈಲ್ವೆ ರಕ್ಷಣಾ ಪಡೆ) ಒಂದು ದಿನ ಕೇಳಬಹುದು.

ದೀಪ ಹಚ್ಚುವುದಾದರೆ 12 ವೋಲ್ಟ್ ಸಾಕು, ಕಂಬಕ್ಕೆ ಅರ್ಥಿಂಗ್ ಕೊಡಿ. ಬಿಳಿ ಎಲ್ಇಡಿ ಹಾಕಿದರೆ ಹಸಿರು ಗಾಜು ನೀಲಿಯಾಗಿ ಕಾಣುತ್ತೆ. ಗಾಜಿನ ದೋಷ ಅಂತ ಬದಲಾಯಿಸಬೇಡಿ, ಸೀಮೆಎಣ್ಣೆ ದೀಪದ ಹಳದಿ ಬೆಳಕಿಗೆ ಹಸಿರಾಗಲಿ ಅಂತಲೇ ಅದಕ್ಕೆ ನೀಲಿ ಬೆರೆಸಿರ್ತಾರೆ. ಹಳದಿ ಬೆಳಕಿನ ಬಲ್ಬು ಹಾಕಿ ನೋಡಿ.