ಡಲ್ಲಾಸ್‌ನಲ್ಲಿ ಪತ್ತು ಕೆಟ್ಟಾಗ ಮೊದಲು ಏನು ಕಟ್ಟಬೇಕು

ತಮ್ಮಾ, ಜಮಖಂಡಿ ಬಿಟ್ಟು ಡಲ್ಲಾಸ್‌ಗೆ ಬಂದು 14 ತಿಂಗಳಾದವು ಎಂದು ಬರೆದಿದ್ದೀಯ. ಊರಲ್ಲಿ ಸಿಬಿಲ್ (ಸಾಲ ಕಟ್ಟುವ ನಡತೆಗೆ ಕೊಡುವ ಅಂಕ) 780 ಇದ್ದವನಿಗೆ ಇಲ್ಲಿ ಸ್ಕೋರು 580. ಮದುವೆಗೆಂದು ಊರಿಗೆ ಹೋದಾಗ ಕಾರ್ಡಿನ ಎರಡು ಬಿಲ್ಲು ತಪ್ಪಿದವು, ಬಿಟ್ಟುಬಂದ ಮನೆಯ 214 ಡಾಲರ್ ಕರೆಂಟ್ ಬಿಲ್ಲು ಕಲೆಕ್ಷನ್‌ಗೆ, ಅಂದರೆ ವಸೂಲಿ ಕಂಪನಿಗೆ, ಹೋಗಿದೆ, ಕಾರಿಗೆ ಸಾಲ ಸಿಗುತ್ತಿಲ್ಲ. 700 ಡಾಲರ್ ಮುಂಗಡ ಕೊಟ್ಟರೆ ಸಾಲದ ವರದಿಯಲ್ಲಿನ ಕೆಟ್ಟ ನಮೂದುಗಳನ್ನೆಲ್ಲ ಅಳಿಸುತ್ತೇವೆ ಎನ್ನುವ ಕಂಪನಿಗೆ ದುಡ್ಡು ಕಟ್ಟಲೇ ಎಂದು ಕೇಳಿದ್ದೀಯ.

ಕಟ್ಟಬೇಡ. ಇಂಥ ಕಂಪನಿಗಳು ಕೆಲಸ ಮುಗಿಸುವ ಮೊದಲು ಹಣ ಕೇಳುವುದೇ ಇಲ್ಲಿನ 1996ರ ಕಾಯ್ದೆಯ ಪ್ರಕಾರ ತಪ್ಪು. ಅವರು ಮಾಡುವುದಿಷ್ಟೇ: ನಿಜವಿರಲಿ ಸುಳ್ಳಿರಲಿ, ಎಲ್ಲದಕ್ಕೂ ತಕರಾರು ಪತ್ರ ಕಳಿಸುತ್ತಾರೆ. ಕೆಲವು ನಮೂದು ತಾತ್ಕಾಲಿಕವಾಗಿ ಮಾಯವಾಗಿ, ಬ್ಯಾಂಕು ಖಾತ್ರಿ ಮಾಡಿದ ಮೇಲೆ ಮತ್ತೆ ಬಂದು ಕೂರುತ್ತವೆ. ನಿಜವಾಗಿ ತಪ್ಪಿದ ಕಂತನ್ನು ತಕರಾರು ಹಾಕಿ ಯಾರೂ ಅಳಿಸಲಾರರು. ತಪ್ಪಾಗಿ ಬಿದ್ದ ನಮೂದನ್ನು ನೀನೇ ಬಿಟ್ಟಿ ಅಳಿಸಿಕೊಳ್ಳಬಹುದು.

ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಕೊಡುವಾಗ ಮನೆತನ ನೋಡುತ್ತಾರೆ, ಪತ್ತಿನ ಸಂಘದಲ್ಲಿ ಜಾಮೀನಿಗೆ ಯಾರಿದ್ದಾರೆ ಎಂದು ಕೇಳುತ್ತಾರೆ. ಇಲ್ಲಿನ ಸ್ಕೋರಿಗೆ ಮನೆತನವೂ ಗೊತ್ತಿಲ್ಲ, ಸಂಬಳವೂ ಗೊತ್ತಿಲ್ಲ. ಸಾಲ ಕೊಡುವವರು ಸಂಬಳವನ್ನು ಬೇರೆಯಾಗಿ ನೋಡುತ್ತಾರೆ, ಆ ಮಾತು ಬೇರೆ. ಇಲ್ಲಿ ಸಾಲ ಕೊಡುವವರು ಹೆಚ್ಚಾಗಿ ನೋಡುವ ಫೈಕೋ ಸ್ಕೋರು 300ರಿಂದ 850ರವರೆಗೆ. ಅದರಲ್ಲಿ ವಾಯಿದೆಗೆ ಸರಿಯಾಗಿ ಕಟ್ಟಿದ್ದಕ್ಕೆ ಶೇ. 35, ಮಿತಿಯಲ್ಲಿ ಎಷ್ಟು ಬಾಕಿ ಇದೆ ಎಂಬುದಕ್ಕೆ ಶೇ. 30, ಖಾತೆಗಳ ವಯಸ್ಸಿಗೆ 15, ಹೊಸ ಅರ್ಜಿಗಳಿಗೆ 10, ಸಾಲದ ಬಗೆಗಳಿಗೆ 10. ಊರಿನ ಸಿಬಿಲ್ ತಾನಾಗಿ ಇಲ್ಲಿಗೆ ಬರುವುದಿಲ್ಲ. ನಿನಗೆ ಏಟು ಬಿದ್ದಿರುವುದು ಮೊದಲ ಎರಡರಲ್ಲಿ, ಸರಿಪಡಿಸಬೇಕಾದದ್ದೂ ಅವನ್ನೇ.

ಈ ವಾರವೇ ಆನ್ಯುವಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಿಂದ ಸಾಲದ ಲೆಕ್ಕ ಇಡುವ ಬ್ಯೂರೋಗಳಾದ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಮೂರರ ವರದಿಯನ್ನೂ ತೆಗೆದುಕೊ. ವಾರಕ್ಕೊಮ್ಮೆ ಉಚಿತ. ಮೂರರಲ್ಲೂ ಒಂದೇ ಮಾಹಿತಿ ಇರಬೇಕೆಂದಿಲ್ಲ. ಹೆಸರನ್ನು ಮೊದಲು ನೋಡು. ನಮ್ಮ ಪಾಸ್‌ಪೋರ್ಟುಗಳಲ್ಲಿ ನಿನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಒಂದು ಬ್ಯಾಂಕಿನಲ್ಲಿ ಅಪ್ಪನ ಹೆಸರು ಸೇರಿಸಿ, ಇನ್ನೊಂದರಲ್ಲಿ ಬಿಟ್ಟು ಬರೆದಿದ್ದರೆ ನಿನ್ನ ಲೆಕ್ಕ ಎರಡು ಹೋಳಾಗಬಹುದು, ಅಥವಾ ಇನ್ನೊಬ್ಬರ ಲೆಕ್ಕ ನಿನ್ನದರಲ್ಲಿ ಬೆರೆಯಬಹುದು. ತಪ್ಪು ಕಂಡರೆ ಅದು ಯಾವ ಬ್ಯೂರೋದಲ್ಲಿದೆಯೋ ಆ ಬ್ಯೂರೋಗೆ ದಾಖಲೆ ಸಮೇತ ತಕರಾರು ಹಾಕು. ಸಾಮಾನ್ಯವಾಗಿ 30 ದಿನದೊಳಗೆ ಅವರು ವಿಚಾರಿಸಲೇಬೇಕು.

ಈಗ ಕಾರ್ಡಿನ ವಿಷಯ. ಇನ್ನೂ ಸುಸ್ತಿಯಲ್ಲಿದ್ದರೆ ಬೇರೆಲ್ಲ ಬಿಟ್ಟು ತಪ್ಪಿದ ಕಂತುಗಳನ್ನು ಮೊದಲು ಕಟ್ಟಿ ಸುಸ್ತಿಯಿಂದ ಹೊರಗೆ ಬಾ. ವಾಯಿದೆ ದಾಟಿದ ಮರುದಿನವೇ ದಂಡ ಬೀಳುತ್ತದೆ, ಆದರೆ ವರದಿಗೆ ಏರುವುದು 30 ದಿನ ದಾಟಿದ ಮೇಲೆ. ಆಮೇಲೆ 60, 90 ಎಂದು ಕಲೆ ದೊಡ್ಡದಾಗುತ್ತಾ ಹೋಗುತ್ತದೆ. ಬಿದ್ದ ಕಲೆ 7 ವರ್ಷ ಇರುತ್ತದೆ, ಆದರೆ ಹೊಸ ತಿಂಗಳುಗಳು ಸರಿಯಾಗಿ ಸೇರುತ್ತಾ ಹೋದಂತೆ ಅದರ ಭಾರ ಕಡಿಮೆಯಾಗುತ್ತದೆ. ಬಾಕಿ ಕಟ್ಟಿದ ಮೇಲೆ, ಪ್ರವಾಸದಲ್ಲಿ ತಪ್ಪಿತು, ದಯವಿಟ್ಟು ನಮೂದು ತೆಗೆಯಿರಿ ಎಂದು ಬ್ಯಾಂಕಿಗೆ ಒಂದು ವಿನಂತಿ ಪತ್ರ ಬರೆ. ಅವರು ಒಪ್ಪಲೇಬೇಕೆಂದಿಲ್ಲ, ಆದರೆ ಕೇಳುವುದಕ್ಕೆ ಖರ್ಚಿಲ್ಲ. ಕನಿಷ್ಠ ಮೊತ್ತಕ್ಕಾದರೂ ಆಟೋಪೇ ಹಾಕಿಡು. ವಾಯಿದೆಯನ್ನು ಸಂಬಳದ ನಂತರದ ದಿನಕ್ಕೆ ಬದಲಿಸಿಕೊಡು ಎಂದು ಬ್ಯಾಂಕಿಗೇ ಹೇಳಬಹುದು.

ಹೊಸಬರಲ್ಲಿ ಬಹಳ ಮಂದಿಗೆ ತಿಳಿಯದ ವಿಷಯ ಒಂದಿದೆ. ಸಾಮಾನ್ಯವಾಗಿ ವರದಿಗೆ ಹೋಗುವ ಬಾಕಿ ಬಿಲ್ಲು ತಯಾರಾದ ದಿನದ್ದು, ನೀನು ಕಟ್ಟಿದ ದಿನದ್ದಲ್ಲ. ನಿನ್ನ ಕಾರ್ಡಿನ ಮಿತಿ 1,000 ಡಾಲರ್, ಬಿಲ್ಲು 18ನೇ ತಾರೀಖು ತಯಾರಾಗುತ್ತದೆ, ವಾಯಿದೆ ಮುಂದಿನ ತಿಂಗಳ 13 ಎಂದಿಟ್ಟುಕೊ. 640 ಡಾಲರ್ ಖರ್ಚು ಮಾಡಿ 13ಕ್ಕೆ ಪೂರ್ತಿ ಕಟ್ಟಿದರೂ ವರದಿಯಲ್ಲಿ ಶೇ. 64 ಬಳಕೆ ಎಂದೇ ಕಾಣುತ್ತದೆ. ಅದೇ 15ನೇ ತಾರೀಖು 580 ಕಟ್ಟಿಬಿಡು. 18ಕ್ಕೆ ಬಿಲ್ಲಿನಲ್ಲಿ 60 ಉಳಿಯುತ್ತದೆ, ಬಳಕೆ ಶೇ. 6. ಆ 60 ಅನ್ನು 13ರೊಳಗೆ ಮುಗಿಸಿದರೆ ಬಡ್ಡಿಯೂ ಇಲ್ಲ. ಈಗ ಹೆಚ್ಚು ಚಾಲ್ತಿಯಲ್ಲಿರುವ ಫೈಕೋ ಲೆಕ್ಕದಲ್ಲಿ ಹಳೆಯ ತಿಂಗಳ ಬಳಕೆ ನೆನಪಿರುವುದಿಲ್ಲ, ಹಾಗಾಗಿ ಬಾಕಿ ಇಳಿದ ಮುಂದಿನ ತಿಂಗಳೇ ಸ್ಕೋರು ಸುಧಾರಿಸುತ್ತದೆ. ಕಂಪನಿಗೆ ಕೊಡಬೇಕೆಂದಿದ್ದ ಆ 700 ಡಾಲರ್ ಇಲ್ಲಿ ಹಾಕು. ಇಷ್ಟು ಬೇಗ ಫಲ ಕೊಡುವ ಜಾಗ ಬೇರೆ ಇಲ್ಲ.

ಕರೆಂಟ್ ಬಿಲ್ಲಿನ ವಿಷಯದಲ್ಲಿ ಫೋನಿನಲ್ಲಿ ಹೆದರಿಸಿದರೆ ಕಾರ್ಡು ನಂಬರು, ಬ್ಯಾಂಕ್ ಖಾತೆ ನಂಬರು ಕೊಡಬೇಡ. ವಸೂಲಿಯವರು ಮೊದಲು ಸಂಪರ್ಕಿಸಿದ 5 ದಿನದೊಳಗೆ ಬಾಕಿ ಯಾರದು, ಎಷ್ಟು ಎಂಬ ನೋಟಿಸು ಕೊಡಬೇಕು. ಅದು ಸಿಕ್ಕ 30 ದಿನದೊಳಗೆ ನೀನು ಬರಹದಲ್ಲಿ ಪ್ರಶ್ನಿಸಿದರೆ, ಪುರಾವೆ ಕಳಿಸುವವರೆಗೆ ಅವರು ವಸೂಲಿ ನಿಲ್ಲಿಸಬೇಕು. ಪತ್ರ ಚಿಕ್ಕದಾಗಿರಲಿ: "ಈ ಬಾಕಿಯನ್ನು ನಾನು ಪ್ರಶ್ನಿಸುತ್ತೇನೆ. ಮೂಲ ಕಂಪನಿಯ ಹೆಸರು, ಬಿಲ್ಲಿನ ಅವಧಿ, ಮೊತ್ತದ ವಿವರ ಕಳಿಸಿ." ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊ. ನೀನು ಮನೆ ಬಿಟ್ಟ ತಾರೀಖಿನ ನಂತರದ ಯೂನಿಟ್ಟುಗಳೂ ಸೇರಿವೆಯಾ, ನೋಡು. ಬಿಡುವಾಗ ಸಂಪರ್ಕ ನಿಲ್ಲಿಸಲು ಹೇಳದಿದ್ದರೆ ಹೀಗಾಗುತ್ತದೆ. ಬಾಕಿ ನಿಜವಾಗಿದ್ದರೆ ಕಟ್ಟಿದ ಮೇಲೆ ನಮೂದು ತೆಗೆಯುತ್ತೀರಾ ಎಂದು ಕೇಳು. ಒಪ್ಪಿದರೆ ಬರಹದಲ್ಲಿ ಪಡೆದ ಮೇಲೆಯೇ ದುಡ್ಡು. ಒಪ್ಪದಿದ್ದರೂ ಕಟ್ಟುವುದು ಒಳ್ಳೆಯದು, ಏಕೆಂದರೆ ಹೊಸ ಲೆಕ್ಕಗಳಾದ ಫೈಕೋ 9 ಮತ್ತು 10 ಕಟ್ಟಿ ಮುಗಿಸಿದ ಕಲೆಕ್ಷನ್ನನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಕಾರಿಗೆ ಅವಸರ ಮಾಡಬೇಡ, ಆರು ತಿಂಗಳು ಸರಿಯಾಗಿ ಕಟ್ಟಿ ನೋಡು. ಈ ನಡುವೆ ಸಿಕ್ಕಸಿಕ್ಕ ಕಾರ್ಡಿಗೆ ಅರ್ಜಿ ಹಾಕಬೇಡ. ಪ್ರತಿ ಅರ್ಜಿಗೆ ಸಾಲ ಕೊಡುವವರು ನಿನ್ನ ವರದಿ ತೆರೆದು ನೋಡಿದ ವಿಚಾರಣೆ 2 ವರ್ಷ ವರದಿಯಲ್ಲಿ ಉಳಿಯುತ್ತದೆ. ಇನ್ನೊಂದು ಕಾರ್ಡು ಬೇಕೇ ಬೇಕಾದರೆ 200–300 ಡಾಲರ್ ಠೇವಣಿ ಇಟ್ಟು ಕೊಡುವ ಸೆಕ್ಯೂರ್ಡ್ ಕಾರ್ಡು ಸಾಕು. ಮೂರೂ ಬ್ಯೂರೋಗಳಿಗೆ ವರದಿ ಮಾಡುತ್ತಾರಾ ಎಂದು ಮೊದಲೇ ಕೇಳು; ಮಾಡದಿದ್ದರೆ ಆ ಠೇವಣಿ ಸುಮ್ಮನೆ ಸಿಕ್ಕಿಬಿದ್ದಂತೆ. ಕಾರು ಸಾಲಕ್ಕೆ ನಾಲ್ಕು ಕಡೆ ಬಡ್ಡಿ ವಿಚಾರಿಸುವುದಾದರೆ 14 ದಿನದೊಳಗೆ ಮುಗಿಸು, ಸ್ಕೋರಿನ ಲೆಕ್ಕಕ್ಕೆ ಅವೆಲ್ಲ ಒಂದೇ ವಿಚಾರಣೆ.

ಕೊನೆಯ ಸಾಲಿನಲ್ಲಿ, ಇಲ್ಲಿ ಕೈ ಬಿಗಿಯಾದ್ದರಿಂದ ಊರಿನ ಶಿಕ್ಷಣ ಸಾಲದ ಕಂತು ಸ್ವಲ್ಪ ದಿನ ನಿಲ್ಲಿಸಲೇ ಎಂದು ಕೇಳಿದ್ದೀಯ. ಇದನ್ನು ಓದಿ ನನಗೆ ನಿಜಕ್ಕೂ ಕಳವಳವಾಯಿತು. ಆ ಸಾಲಕ್ಕೆ ನಿನ್ನ ಜೊತೆ ಅಪ್ಪನ ಸಹಿಯೂ ಇದೆ, ಆದ್ದರಿಂದ ನೀನು ತಪ್ಪಿಸಿದ ಪ್ರತಿ ಕಂತೂ ಅವರ ಸಿಬಿಲ್‌ನಲ್ಲೂ ಬೀಳುತ್ತದೆ. ಕಬ್ಬಿನ ಬೆಳೆಸಾಲವನ್ನು ಬ್ಯಾಂಕು ಹಂಗಾಮಿನ ಲೆಕ್ಕದಲ್ಲಿ ನೋಡುತ್ತದೆ, ಕಾರ್ಖಾನೆಯ ಬಿಲ್ಲು ತಡವಾದರೆ ಅಷ್ಟು ಉಸಿರಾಡಬಹುದು. ಶಿಕ್ಷಣ ಸಾಲಕ್ಕೆ ಆ ರಿಯಾಯಿತಿ ಇಲ್ಲ. 90 ದಿನ ಸುಸ್ತಿಯಾದರೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಮುಂದಿನ ವರ್ಷ ಅಪ್ಪ ಬೆಳೆಸಾಲಕ್ಕೆ ಹೋದಾಗ ಮ್ಯಾನೇಜರ್ ಅದನ್ನೇ ತೆರೆದು ತೋರಿಸುತ್ತಾರೆ. ಕಷ್ಟವಿದ್ದರೆ ಕಂತು ತಪ್ಪುವ ಮೊದಲೇ ಶಾಖೆಗೆ ಬರೆದು ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳು. ಒಂದಿಷ್ಟು ಬಿಟ್ಟುಕೊಟ್ಟು ಮುಗಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ವರದಿಯಲ್ಲಿ "ಕ್ಲೋಸ್ಡ್" ಎಂದು ಬರುವ ಕಡೆ "ಸೆಟಲ್ಡ್" ಎಂದು ಬಿದ್ದರೆ ಮುಂದೆ ಸಾಲ ಕೊಡುವವರು ಹಿಂಜರಿಯುತ್ತಾರೆ. ವರ್ಷಕ್ಕೊಮ್ಮೆ ಅಪ್ಪನ ಸಿಬಿಲ್ ವರದಿಯನ್ನು ಉಚಿತವಾಗಿ ತೆಗೆಸಿ ನೋಡು. ಇಲ್ಲಿಂದ ಕಳಿಸಿದ ದುಡ್ಡು ಮುಟ್ಟಲು ದಿನಗಳು ಹಿಡಿಯಬಹುದು, ನಡುವೆ ರಜೆ ಬಂದರೆ ಇನ್ನೂ ತಡ. ಕಂತಿನ ತಾರೀಖಿಗೆ ಒಂದು ವಾರ ಮೊದಲೇ ಕಳಿಸು.